ಪ್ರೋಟೀನುಗಳ ಮೇಲಣ ಸಕ್ಕರೆ: ರಸಾಯನ ಮತ್ತು ಕಿಣ್ವಗಳ ಕೂಡುಗೆಲಸ

೧

ಅಹಮದಾಬಾದಿನ ಔಷಧೋದ್ಯಮದ ಚರಿತ್ರೆಯಲ್ಲಿ ೨೦೧೪ ಮತ್ತು ೨೦೧೫ ನೆನಪಿಡತಕ್ಕ ವರ್ಷಗಳು. ೨೦೧೪ರ ಡಿಸೆಂಬರಿನಲ್ಲಿ ಜೈಡಸ್ ಸಂಸ್ಥೆಯವರು ಸಂಧಿವಾತಕ್ಕೆ ಕೊಡುವ ಅಡಾಲಿಮುಮಾಬ್ ಎಂಬ ಪ್ರತಿಕಾಯದ ಸಮರೂಪ ಔಷಧವನ್ನು ‘ಎಕ್ಸೆಂಪ್ಟಿಯಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಮರುವರ್ಷ ಇಂಟಾಸ್ ಸಂಸ್ಥೆಯವರು, ಮುಪ್ಪಿನಲ್ಲಿ ಅಕ್ಷಿಪಟಲ ಕೆಡುವ ವ್ಯಾಧಿಗೆ ಕೊಡುವ ರಾನಿಬಿಜುಮಾಬಿನ ಸಮರೂಪವನ್ನು ‘ರಾಜುಮಾಬ್’ ಎಂಬ ಹೆಸರಿನಿಂದ ಹೊರತಂದರು. ಆಯಾ ಔಷಧಗಳ ಸಮರೂಪಗಳಲ್ಲಿ ಎರಡೂ ಜಗತ್ತಿಗೇ ಮೊದಲಿನವು. ಎರಡೂ ಪ್ರೋಟೀನುಗಳೇ. ಆದರೆ ಅವುಗಳ ಹುಟ್ಟು ಮಾತ್ರ ಒಂದೇ ಬಗೆಯದಲ್ಲ. ರಾನಿಬಿಜುಮಾಬನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಾರೆ. ಅಡಾಲಿಮುಮಾಬನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ಪಡೆದು ಪ್ರಯೋಗಶಾಲೆಯಲ್ಲಿ ವಂಶ ಬೆಳೆಸಿದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಖರ್ಚೂ ಕಡಿಮೆ. ಪ್ರಾಣಿಕೋಶಗಳೋ ನಿಧಾನವಾಗಿ ಬೆಳೆಯತಕ್ಕವು; ಅವುಗಳ ಪೋಷಣೆಯೂ ದುಬಾರಿಯದು. ಹೀಗಿದ್ದೂ ಸಂಧಿವಾತದ ಔಷಧಕ್ಕೆ ಪ್ರಾಣಿಕೋಶವೇ ಏಕೆ ಬೇಕಾಯಿತು?

ಪೂರ್ಣ ಪ್ರತಿಕಾಯದ ಕಾಂಡಭಾಗದಲ್ಲಿ ಸಕ್ಕರೆಯ ಎರಡು ಪುಟ್ಟ ಕೊಂಬೆಗಳಿವೆ. ರಾನಿಬಿಜುಮಾಬ್ ಪ್ರತಿಕಾಯದ ಒಂದು ತುಣುಕು ಮಾತ್ರವಾದುದರಿಂದ ಅದರಲ್ಲಿ ಆ ಕೊಂಬೆಗಳು ಕೂಡುವ ಸ್ಥಾನವೇ ಇಲ್ಲ. ಮನುಷ್ಯನ ಮೈಯಲ್ಲಿರುವಂಥ ಸಕ್ಕರೆಯ ಕೊಂಬೆಯನ್ನು ಕಟ್ಟಲು ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಬಾರದು, ಪ್ರಾಣಿಕೋಶಕ್ಕೆ ಬರುತ್ತದೆ. ಎರಡು ಕಾರ್ಖಾನೆಗಳ ಇಡಿಯ ವ್ಯವಸ್ಥೆಯೇ ಬೇರೆಯಾಗುವುದಕ್ಕೆ ಕಾರಣವಾದ ಈ ಸಕ್ಕರೆ ಯಾವುದು, ಅದನ್ನು ಮನುಷ್ಯನೇ ಬೇಕಾದಂತೆ ಕಟ್ಟಬಲ್ಲನೆ, ಕಟ್ಟಿದರೆ ಪ್ರಯೋಜನವೇನು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಸಕ್ಕರೆಯೆಂದೊಡನೆ ನಮಗೆ ನೆನಪಾಗುವುದು ಚಹದ ಸಕ್ಕರೆ. ರಸಾಯನಶಾಸ್ತ್ರದಲ್ಲಿ ಅದು ಒಂದು ದೊಡ್ಡ ಕುಲದ ಒಬ್ಬ ಸದಸ್ಯ ಮಾತ್ರ. ಗ್ಲೂಕೋಸು, ಗ್ಯಾಲಕ್ಟೋಸು, ಮ್ಯಾನೋಸು, ಫ್ಯೂಕೋಸು, ಸಯಾಲಿಕ್ ಆಮ್ಲ ಮೊದಲಾದ ಬಿಡಿ ಸಕ್ಕರೆಗಳು ಒಂದಕ್ಕೊಂದು ಕೂಡಿ ಸರಪಳಿಗಳಾಗುತ್ತವೆ, ಕವಲೊಡೆದು ಕೊಂಬೆಗಳಾಗುತ್ತವೆ. ಈ ಕೂಡುವಿಕೆಯಲ್ಲಿಯೇ ಸಕ್ಕರೆಯ ವೈಶಿಷ್ಟ್ಯವಿದೆ. ಪ್ರೋಟೀನಿನ ಸರಪಳಿಯಲ್ಲಿ ಗ್ಲೈಸೀನ್ ಎಂಬ ಆಮ್ಲದ ಎರಡು ಅಣುಗಳು ಕೂಡುವುದಕ್ಕೆ ಒಂದೇ ಬಗೆ ಉಂಟು. ಎರಡು ಗ್ಲೂಕೋಸುಗಳಿಗಾದರೋ ಹನ್ನೊಂದು ಬಗೆಗಳು. ಮೊದಲನೆಯದರ ಒಂದನೆಯ ಇಂಗಾಲವು ಎರಡನೆಯದರ ೨, ೩, ೪, ೬ನೆಯ ಇಂಗಾಲಗಳಲ್ಲಿ ಯಾವುದಕ್ಕಾದರೂ ಸೇರಬಹುದು, ಪ್ರತಿಯೊಂದು ಸೇರುವೆಯೂ ಆಲ್ಫಾ ಅಥವಾ ಬೀಟಾ ಎಂಬ ಎರಡು ಮುಖಗಳಲ್ಲಿ ಒಂದನ್ನು ತಾಳಬಹುದು, ಇವು ಎಂಟು. ಒಂದನೆಯ ಇಂಗಾಲಗಳೆರಡೂ ತಮ್ಮೊಳಗೇ ಸೇರಿದರೆ ಇನ್ನು ಮೂರು.

ಇದು ಕೇವಲ ಲೆಕ್ಕದ ವಿನೋದವಲ್ಲ. ಜೋಳದ ರೊಟ್ಟಿಯಲ್ಲಿರುವ ಪಿಷ್ಟವೂ ಅಹಮದಾಬಾದಿನ ಗಿರಣಿಗಳಿಗೆ ಹೆಸರು ತಂದ ಹತ್ತಿಯ ನೂಲೂ ಗ್ಲೂಕೋಸಿನ ಸರಪಳಿಗಳೇ. ಮೊದಲನೆಯದರಲ್ಲಿ ಮುಖ್ಯ ಸೇರುವೆ ಆಲ್ಫಾ, ಎರಡನೆಯದರಲ್ಲಿ ಬೀಟಾ. ಅಷ್ಟೇ ಭೇದದಿಂದ ಒಂದನ್ನು ಉಣ್ಣುತ್ತೇವೆ, ಇನ್ನೊಂದನ್ನು ಉಡುತ್ತೇವೆ. ಒಂದೇ ಜಾತಿಯ ಸಕ್ಕರೆಯಿಂದ ಇಷ್ಟು ಅಂತರವಾಗುವುದಾದರೆ, ನಾಲ್ಕೈದು ಜಾತಿಯ ಸಕ್ಕರೆಗಳು ಕವಲೊಡೆದು ಕೂಡಿದ ಕೊಂಬೆಯಲ್ಲಿ ಎಷ್ಟು ವೈವಿಧ್ಯ ಅಡಗಿರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

೩

ಪ್ರೋಟೀನಿನ ಸರಪಳಿಯ ಕ್ರಮ ವಂಶವಾಹಿಯಲ್ಲಿ ಅಕ್ಷರಕ್ಕೆ ಅಕ್ಷರವಾಗಿ ಬರೆದಿದೆ. ಅಚ್ಚಿನಲ್ಲಿ ಎರಕ ಹೊಯ್ದಂತೆ ಪ್ರತಿಯೊಂದು ಅಣುವೂ ಒಂದೇ ಬಗೆಯಾಗಿ ಹೊರಬರುತ್ತದೆ. ಸಕ್ಕರೆಯ ಕೊಂಬೆಗೆ ಅಂಥ ಅಚ್ಚಿಲ್ಲ. ವಂಶವಾಹಿಯಲ್ಲಿ ಬರೆದಿರುವುದು ಕೊಂಬೆಯನ್ನು ಕಟ್ಟುವ ಕಿಣ್ವಗಳ ರಚನೆ ಮಾತ್ರ, ಕೊಂಬೆಯ ರಚನೆಯಲ್ಲ. ಪ್ರೋಟೀನು ತಯಾರಾಗುತ್ತಿರುವಾಗಲೇ ಹದಿನಾಲ್ಕು ಸಕ್ಕರೆಗಳ ಒಂದು ಸಿದ್ಧ ಕೊಂಬೆಯನ್ನು ಆಸ್ಪರಜೀನ್ ಎಂಬ ಆಮ್ಲದ ಮೇಲೆ ಕೂಡಿಸಲಾಗುತ್ತದೆ. ಅನಂತರ ಪ್ರೋಟೀನು ಜೀವಕೋಶದ ಒಂದೊಂದು ಅಂಕಣವನ್ನು ದಾಟುತ್ತ ಹೋದಂತೆ ಕೆಲವು ಕಿಣ್ವಗಳು ಸಕ್ಕರೆಗಳನ್ನು ಕತ್ತರಿಸುತ್ತವೆ, ಬೇರೆ ಕೆಲವು ಹೊಸವನ್ನು ಸೇರಿಸುತ್ತವೆ. ಯಾವ ಕಿಣ್ವ ಎಷ್ಟಿದೆ, ಪ್ರೋಟೀನು ಅದರೆದುರು ಎಷ್ಟು ಹೊತ್ತು ನಿಂತಿತು, ಕೋಶಗಳು ಬೆಳೆಯುತ್ತಿರುವ ದ್ರವದ ಆಮ್ಲತೆ ಎಷ್ಟು, ಅದರ ಉಷ್ಣತೆ ಎಷ್ಟು, ಈ ಎಲ್ಲವುಗಳ ಮೇಲೆ ಫಲ ನಿಲ್ಲುತ್ತದೆ. ಆದುದರಿಂದ ಒಂದೇ ಪಾತ್ರೆಯಿಂದ ತೆಗೆದ ಒಂದೇ ಔಷಧದಲ್ಲಿಯೂ ಸಕ್ಕರೆಯ ಹತ್ತಾರು ರೂಪಗಳು ಬೆರೆತಿರುತ್ತವೆ.

ಈ ಕಿಣ್ವಗಳಲ್ಲಿ ಒಂದೇ ಒಂದು ಇಲ್ಲವಾದರೆ ಏನಾಗಬಹುದೆಂಬುದಕ್ಕೆ ನಮ್ಮ ಪಶ್ಚಿಮ ಭಾರತವೇ ಪ್ರಸಿದ್ಧ ನಿದರ್ಶನವನ್ನು ಒದಗಿಸಿದೆ. ರಕ್ತದ ಎ, ಬಿ, ಒ ಗುಂಪುಗಳ ಭೇದವೆಂಬುದು ಕೆಂಪು ರಕ್ತಕಣಗಳ ಮೇಲಣ ಪ್ರೋಟೀನು ಮತ್ತು ಕೊಬ್ಬುಗಳಿಗೆ ಅಂಟಿದ ಸಕ್ಕರೆಗಳ ಭೇದವೇ. ಮೂವರಿಗೂ ಅಡಿಪಾಯವಾಗಿ ‘ಎಚ್’ ಎಂಬ ರಚನೆಯಿದೆ. ಅದರ ತುದಿಯಲ್ಲಿ ಫ್ಯೂಕೋಸ್ ಇರುತ್ತದೆ. ೧೯೫೨ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆಯವರೂ ಸಂಗಡಿಗರೂ ಈ ಅಡಿಪಾಯವೇ ಇಲ್ಲದ ರಕ್ತವನ್ನು ಕಂಡುಹಿಡಿದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಫ್ಯೂಕೋಸನ್ನು ಕೂಡಿಸುವ ಕಿಣ್ವ ಅಂಥವರ ರಕ್ತಕಣಗಳಲ್ಲಿ ಕೆಲಸ ಮಾಡುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಅವರ ರಕ್ತ ಒ ಗುಂಪಿನದೆಂದೇ ತೋರುತ್ತದೆ. ಆದರೆ ಒ ಗುಂಪಿನ ರಕ್ತವನ್ನು ಅವರಿಗೆ ಏರಿಸಿದರೆ ಪ್ರಾಣಕ್ಕೇ ಅಪಾಯ. ಅದೇ ‘ಬಾಂಬೆ’ ಗುಂಪಿನ ದಾನಿಯೇ ಬೇಕು. ಒಂದು ಸಕ್ಕರೆಯ ಇರವು ಇಲ್ಲದಿರವುಗಳು ಎಷ್ಟರಮಟ್ಟಿಗೆ ಜೀವನ್ಮರಣದ ಪ್ರಶ್ನೆಯಾಗಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೪

ಔಷಧಗಳ ವಿಷಯದಲ್ಲಿಯೂ ಹೀಗೆಯೇ. ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಎರಿತ್ರೊಪೊಯೆಟಿನ್. ಮೂತ್ರಪಿಂಡ ಕೆಟ್ಟವರ ರಕ್ತಹೀನತೆಗೆ ಕೊಡುವ ಈ ಪ್ರೋಟೀನಿನ ತೂಕದಲ್ಲಿ ಸುಮಾರು ನೂರಕ್ಕೆ ನಾಲ್ವತ್ತು ಪಾಲು ಸಕ್ಕರೆಯೇ. ನಾಲ್ಕು ಕಡೆ ಅದು ಅಂಟಿಕೊಂಡಿರುತ್ತದೆ. ಕೊಂಬೆಗಳ ತುದಿಯಲ್ಲಿ ಸಯಾಲಿಕ್ ಆಮ್ಲವಿರಬೇಕು. ಅದನ್ನು ಕಿತ್ತರೆ ಒಳಗಿನ ಗ್ಯಾಲಕ್ಟೋಸ್ ಬಯಲಾಗುತ್ತದೆ. ಯಕೃತ್ತು ಅದನ್ನು ಗುರುತಿಸಿ ಪ್ರೋಟೀನನ್ನು ರಕ್ತದಿಂದ ಬೇಗನೆ ಹೀರಿಬಿಡುತ್ತದೆ. ಪ್ರೋಟೀನಿನ ಭಾಗದಲ್ಲಿ ಯಾವ ಕುಂದೂ ಇಲ್ಲದಿದ್ದರೂ ಔಷಧ ನಿಷ್ಫಲವಾಗುತ್ತದೆ. ಇದಕ್ಕೆ ವಿಪರ್ಯಾಯವಾಗಿ, ಇನ್ನೆರಡು ಕೊಂಬೆಗಳನ್ನು ಹೆಚ್ಚಿಸಿ ರೂಪಿಸಿದ ಡಾರ್ಬೆಪೊಯೆಟಿನ್ ರಕ್ತದಲ್ಲಿ ಮೂರು ಪಟ್ಟಿನಷ್ಟು ಹೊತ್ತು ಉಳಿಯುತ್ತದೆ.

ಎರಡನೆಯದು ಪ್ರತಿಕಾಯದ ಕೊಂಬೆಯ ಬುಡದಲ್ಲಿರುವ ಫ್ಯೂಕೋಸ್. ಅದು ಇಲ್ಲದ ಪ್ರತಿಕಾಯವು ಕೊಲ್ಲುವ ಕಾರ್ಯವುಳ್ಳ ರಕ್ಷಕ ಕೋಶಗಳನ್ನು ಐವತ್ತು ಪಟ್ಟಿನವರೆಗೂ ಬಲವಾಗಿ ಹಿಡಿಯುತ್ತದೆಯೆಂದು ೨೦೦೨ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕ್ಯಾನ್ಸರ್ ಕೋಶವನ್ನು ಕೊಲ್ಲಿಸಬೇಕಾದ ಔಷಧದಲ್ಲಿ ಇದು ಗುಣ. ಉರಿಯೂತವನ್ನು ತಣಿಸಬೇಕಾದ ಔಷಧದಲ್ಲಿ ಇದೇ ದೋಷವಾಗಬಹುದು.

ಮೂರನೆಯದು ಸೆಟುಕ್ಸಿಮಾಬ್ ಎಂಬ ಕ್ಯಾನ್ಸರ್ ಔಷಧ. ಅಮೆರಿಕದ ಆಗ್ನೇಯ ಸಂಸ್ಥಾನಗಳಲ್ಲಿ ಅದನ್ನು ಪಡೆದ ಹಲವರಿಗೆ ಮೊದಲ ಸೂಜಿಮದ್ದಿಗೇ ತೀವ್ರವಾದ ಅಲರ್ಜಿಯಾಯಿತು. ೨೦೦೮ರಲ್ಲಿ ಕಾರಣ ತಿಳಿಯಿತು: ಇಲಿಯ ಕೋಶಗಳಲ್ಲಿ ತಯಾರಾದ ಆ ಪ್ರೋಟೀನಿನ ಮೇಲೆ ಎರಡು ಗ್ಯಾಲಕ್ಟೋಸುಗಳು ಆಲ್ಫಾ ಸೇರುವೆಯಿಂದ ಕೂಡಿದ, ಮನುಷ್ಯನ ಮೈಯಲ್ಲಿಲ್ಲದ, ಒಂದು ರಚನೆಯಿತ್ತು. ಪರಿಶೀಲಿಸಿದ ೭೬ ರೋಗಿಗಳಲ್ಲಿ ೨೫ ಮಂದಿಗೆ ಅಲರ್ಜಿಯಾಗಿತ್ತು. ಅವರಲ್ಲಿ ೧೭ ಮಂದಿಯ ರಕ್ತದಲ್ಲಿ ಆ ಔಷಧದ ವಿರುದ್ಧ ಪ್ರತಿಕಾಯಗಳು ಚಿಕಿತ್ಸೆಗೆ ಮೊದಲೇ ಇದ್ದುವು.

೫

ಬೆರಕೆಯಲ್ಲಿ ಯಾವ ರೂಪ ಒಳಿತು ಮಾಡುತ್ತದೆ, ಯಾವುದು ಕೆಡುಕು ಮಾಡುತ್ತದೆ ಎಂಬುದನ್ನು ನಿಷ್ಕರ್ಷಿಸಬೇಕಾದರೆ ಪ್ರತಿಯೊಂದು ರೂಪವನ್ನೂ ಬೇರೆ ಬೇರೆಯಾಗಿ, ಶುದ್ಧವಾಗಿ ಕೈಗೆ ತಂದುಕೊಳ್ಳಬೇಕು. ಬೆರಕೆಯಿಂದ ಸೋಸಿ ತೆಗೆಯುವುದು ಬಹುಕಷ್ಟ. ರೂಪಗಳು ಒಂದನ್ನೊಂದು ಅಷ್ಟು ಹೋಲುತ್ತವೆ. ಉಳಿದಿರುವ ದಾರಿಯೆಂದರೆ ಕಟ್ಟುವುದು.

ಎಮಿಲ್ ಫಿಷರನಿಂದ ಮೊದಲ್ಗೊಂಡು ಸಕ್ಕರೆಯ ರಸಾಯನಜ್ಞರೆಲ್ಲರೂ ಎದುರಿಸಿದ ತೊಡಕು ಒಂದೇ. ಗ್ಲೂಕೋಸಿನ ಅಣುವಿನಲ್ಲಿ ಐದು ಹೈಡ್ರಾಕ್ಸಿಲ್ ಗುಂಪುಗಳಿವೆ; ಸ್ವಭಾವದಲ್ಲಿ ಅವು ಬಹುಮಟ್ಟಿಗೆ ಒಂದೇ. ಇವುಗಳಲ್ಲಿ ನಾಲ್ಕನೆಯ ಇಂಗಾಲದ ಮೇಲಿರುವುದು ಮಾತ್ರ ಕೂಡಬೇಕು, ಉಳಿದವು ಸುಮ್ಮನಿರಬೇಕು ಎಂದರೆ ಹೇಗೆ? ಗುಜರಾತಿನಲ್ಲಿ ನೆಲಸಿದ ನಮಗೆ ಬಾಂಧಣಿಯ ಕೆಲಸ ಚೆನ್ನಾಗಿ ಪರಿಚಿತ. ಬಣ್ಣ ಹತ್ತಬಾರದ ಕಡೆ ಬಟ್ಟೆಯನ್ನು ದಾರದಿಂದ ಬಿಗಿದು ಕಟ್ಟುತ್ತಾರೆ, ಬಣ್ಣದಲ್ಲಿ ಅದ್ದುತ್ತಾರೆ, ಆಮೇಲೆ ಗಂಟು ಬಿಚ್ಚುತ್ತಾರೆ. ಎರಡನೆಯ ಬಣ್ಣಕ್ಕೆ ಮತ್ತೆ ಬೇರೆ ಗಂಟುಗಳು. ರಸಾಯನಜ್ಞನೂ ಬೇಡವಾದ ಹೈಡ್ರಾಕ್ಸಿಲ್‌ಗಳಿಗೆ ಬೆಂಜೈಲ್, ಅಸಿಟೈಲ್ ಮುಂತಾದ ಗುಂಪುಗಳನ್ನು ಕಟ್ಟಿ ಮರೆಮಾಡುತ್ತಾನೆ, ಬೇಕಾದ ಸೇರುವೆಯನ್ನು ಮಾಡುತ್ತಾನೆ, ಆಮೇಲೆ ಒಂದನ್ನು ಬಿಚ್ಚಿ ಮತ್ತೊಂದನ್ನು ಕಟ್ಟುತ್ತಾನೆ. ಹತ್ತು ಸಕ್ಕರೆಗಳ ಕೊಂಬೆಗೆ ಹತ್ತಾರು ಮೆಟ್ಟಿಲುಗಳಾಗುತ್ತವೆ. ಪ್ರತಿ ಮೆಟ್ಟಿಲಿನಲ್ಲಿಯೂ ಸ್ವಲ್ಪ ಸ್ವಲ್ಪ ಪದಾರ್ಥ ನಷ್ಟವಾಗುತ್ತದೆ. ಮೆಟ್ಟಿಲಿಗೆ ನೂರಕ್ಕೆ ತೊಂಬತ್ತು ಉಳಿದರೂ ಮೂವತ್ತು ಮೆಟ್ಟಿಲುಗಳ ಕೊನೆಯಲ್ಲಿ ಕೈಗೆ ಹತ್ತುವುದು ನೂರಕ್ಕೆ ನಾಲ್ಕೇ ಪಾಲು. ಈ ಮಾರ್ಗದಿಂದ ದೊಡ್ಡ ಸಿದ್ಧಿಗಳಾಗಿಲ್ಲವೆಂದಲ್ಲ. ೨೦೦೧ರಲ್ಲಿ ಪೀಟರ್ ಸೀಬರ್ಗರ್ ಮತ್ತು ಸಂಗಡಿಗರು ಸಕ್ಕರೆ ಸರಪಳಿಗಳನ್ನು ಯಂತ್ರದಿಂದಲೇ ಕಟ್ಟುವ ವಿಧಾನವನ್ನು ತೋರಿಸಿದರು. ೨೦೧೩ರಲ್ಲಿ ಸ್ಯಾಮ್ಯುಯೆಲ್ ಡ್ಯಾನಿಶೆಫ್‌ಸ್ಕಿಯವರ ಬಳಗವು ಸಕ್ಕರೆಸಹಿತವಾದ ಎರಿತ್ರೊಪೊಯೆಟಿನನ್ನೇ ರಸಾಯನದಿಂದ ಕಟ್ಟಿತು. ಆದರೆ ಆ ಶ್ರಮ ಅನೇಕ ವರ್ಷಗಳದು. ಕಾರ್ಖಾನೆಗೆ ಅದು ದಾರಿಯಲ್ಲ.

೬

ಜೀವಕೋಶಕ್ಕೆ ಈ ಗಂಟುಗಳ ಗೋಜಿಲ್ಲ. ಅದರ ಕಿಣ್ವಗಳು ನೀರಿನಲ್ಲಿಯೇ, ಮೈಬಿಸಿಯಷ್ಟು ಶಾಖದಲ್ಲಿಯೇ, ಬೇಕಾದ ಹೈಡ್ರಾಕ್ಸಿಲನ್ನು ಮಾತ್ರ ಆರಿಸಿ ಬೇಕಾದ ಮುಖದಲ್ಲಿ ಸಕ್ಕರೆಯನ್ನು ಕೂಡಿಸುತ್ತವೆ. ಅದಕ್ಕೆ ಅವು ಬಳಸುವುದು ಬರಿಯ ಸಕ್ಕರೆಯನ್ನಲ್ಲ. ಯುಡಿಪಿ ಎಂಬ ವಾಹಕದ ಹೆಗಲೇರಿದ ಸಕ್ಕರೆಯನ್ನು. ಇದನ್ನು ಕಂಡುಹಿಡಿದ ಅರ್ಜೆಂಟೀನದ ಲೂಯಿ ಲೆಲ್ವಾರ್‌ಗೆ ೧೯೭೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಾಗಾದರೆ ಕಿಣ್ವಗಳನ್ನೇ ಗಾಜಿನ ಪಾತ್ರೆಯಲ್ಲಿ ದುಡಿಸಿದರೆ ಆಗದೆ? ಆಗುತ್ತದೆ, ಆದರೆ ಎರಡು ಅಡ್ಡಿಗಳಿವೆ. ವಾಹಕವೇರಿದ ಸಕ್ಕರೆ ಬಹು ದುಬಾರಿ. ಸಕ್ಕರೆಯನ್ನು ಇಳಿಸಿದ ಬರಿಯ ವಾಹಕವು ಉಳಿದುಕೊಂಡು ಕಿಣ್ವದ ಕೆಲಸವನ್ನೇ ತಡೆಯುತ್ತದೆ. ೧೯೮೨ರಲ್ಲಿ ಚಿ-ಹುಯೆ ವಾಂಗ್ ಮತ್ತು ಜಾರ್ಜ್ ವೈಟ್‌ಸೈಡ್ಸ್ ಈ ಎರಡಕ್ಕೂ ಒಂದೇ ಪರಿಹಾರವನ್ನು ತೋರಿಸಿದರು: ಬರಿದಾದ ವಾಹಕಕ್ಕೆ ಅದೇ ಪಾತ್ರೆಯಲ್ಲಿ ಬೇರೆ ಕಿಣ್ವಗಳಿಂದ ಮತ್ತೆ ಮತ್ತೆ ಸಕ್ಕರೆಯನ್ನು ಹೇರುವುದು.

ಇಲ್ಲಿ ನಮ್ಮ ಕಬ್ಬಿನ ಸಕ್ಕರೆಯೂ ಕೆಲಸಕ್ಕೆ ಬರುತ್ತದೆಂಬುದು ಸಂತೋಷದ ಸಂಗತಿ. ಸೂರತ್ ಜಿಲ್ಲೆಯ ಬಾರ್ಡೋಲಿಯಲ್ಲಾಗಲಿ ನಮ್ಮ ಮಂಡ್ಯದಲ್ಲಾಗಲಿ ಕಬ್ಬಿನಿಂದ ತೆಗೆಯುವ ಸಕ್ಕರೆಯು ಗ್ಲೂಕೋಸು ಫ್ರಕ್ಟೋಸುಗಳ ಜೋಡಿ. ಆ ಎರಡನ್ನು ಕೂಡಿಸಿರುವ ಬಂಧದಲ್ಲಿ ಸಾಕಷ್ಟು ಶಕ್ತಿ ಅಡಗಿದೆ. ಸುಕ್ರೋಸ್ ಸಿಂಥೇಸ್ ಎಂಬ ಕಿಣ್ವವು ಆ ಜೋಡಿಯನ್ನು ಬಿಡಿಸಿ ಗ್ಲೂಕೋಸನ್ನು ನೇರವಾಗಿ ಯುಡಿಪಿಯ ಹೆಗಲಿಗೇರಿಸುತ್ತದೆ. ಇನ್ನೊಂದು ಕಿಣ್ವ ಅದನ್ನು ಗ್ಯಾಲಕ್ಟೋಸಾಗಿ ಮಾರ್ಪಡಿಸುತ್ತದೆ. ಜರ್ಮನಿಯ ಸಂಶೋಧಕರು ೧೯೯೩ರಲ್ಲಿ ಇದಕ್ಕಾಗಿ ಬಳಸಿದ ಕಿಣ್ವ ಅಕ್ಕಿಯಿಂದ ತೆಗೆದದ್ದು. ಅಂಗಡಿಯ ಸಕ್ಕರೆಯೂ ಅಕ್ಕಿಯ ಕಿಣ್ವವೂ ಸೇರಿ, ಅತಿ ದುಬಾರಿಯಾದ ಒಂದು ಪದಾರ್ಥವನ್ನು ಅಗ್ಗಗೊಳಿಸಿದುವು.

೭

ಆದರೆ ಕಿಣ್ವಕ್ಕೂ ಮಿತಿಯುಂಟು. ಒಂದು ಸೇರುವೆಗೆ ಒಂದು ಕಿಣ್ವ. ತನಗೆ ರೂಢಿಯಿಲ್ಲದುದನ್ನು ಅದು ಮುಟ್ಟದು. ಎರಡು ಕವಲುಗಳಿರುವ ಕೊಂಬೆಯನ್ನು ಅದಕ್ಕೆ ಒಪ್ಪಿಸಿದರೆ ಎರಡನ್ನೂ ಒಂದೇ ಸಮನೆ ಬೆಳೆಸುತ್ತದೆ. ಮನುಷ್ಯನ ಮೈಯಲ್ಲಿಯ ಕೊಂಬೆಗಳಲ್ಲಿಯೋ ಕವಲುಗಳು ಅನೇಕ ವೇಳೆ ಸಮವಾಗಿರುವುದಿಲ್ಲ. ಆದುದರಿಂದ ರಸಾಯನಕ್ಕೂ ಕಿಣ್ವಕ್ಕೂ ಕೆಲಸವನ್ನು ಹಂಚಿಕೊಡುವುದು ಸರಿಯಾದ ಮಾರ್ಗವೆನಿಸಿತು. ೨೦೧೩ರಲ್ಲಿ ಗೆರ್ಟ್-ಯಾನ್ ಬೂನ್ಸ್ ಅವರ ಬಳಗವು ಕೊಂಬೆಯ ಬುಡವನ್ನೂ ಕವಲುಗಳ ಮೊದಲ ತುಂಡುಗಳನ್ನೂ ರಸಾಯನದಿಂದ ಕಟ್ಟಿ, ಒಂದು ಕವಲನ್ನು ಅಸಿಟೈಲಿನ ಗಂಟುಗಳಿಂದ ಮರೆಮಾಡಿ, ಇನ್ನೊಂದನ್ನು ಬಯಲಲ್ಲಿಟ್ಟಿತು. ಕಿಣ್ವಗಳು ಬಯಲಿನ ಕವಲನ್ನು ಬೆಳೆಸಿದುವು. ಆಮೇಲೆ ಗಂಟು ಬಿಚ್ಚಿ ಎರಡನೆಯದನ್ನು ಬೇರೆ ಬಗೆಯಲ್ಲಿ ಬೆಳೆಸಲಾಯಿತು. ಎಲ್ಲಿ ಬೆಳೆಯಬೇಕೆಂಬ ನಿರ್ಣಯ ರಸಾಯನಜ್ಞನದು. ಬೆಳೆಸುವ ನೈಪುಣ್ಯ ಕಿಣ್ವದ್ದು.

ಸಿದ್ಧವಾದ ಕೊಂಬೆಯನ್ನು ಪ್ರತಿಕಾಯದ ಮೇಲೆ ನೆಡುವುದು ಉಳಿದ ಪ್ರಶ್ನೆ. ಇದಕ್ಕೆ ಸಹಾಯ ಬಂದುದು ಅನಿರೀಕ್ಷಿತವಾದ ಕಡೆಯಿಂದ. ಗಂಟಲುಬೇನೆಯನ್ನುಂಟುಮಾಡುವ ಒಂದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ, ತನ್ನನ್ನು ಹಿಡಿಯಬಂದ ಪ್ರತಿಕಾಯಗಳ ಸಕ್ಕರೆಯನ್ನು ಕತ್ತರಿಸಿ ಅವುಗಳನ್ನು ನಿರಾಯುಧಗೊಳಿಸಲು ಎಂಡೊ-ಎಸ್ ಎಂಬ ಕಿಣ್ವವನ್ನು ಹೊರಸೂಸುತ್ತದೆ. ಕತ್ತರಿಸಿದ ಮೇಲೆ ಪ್ರತಿಕಾಯದಲ್ಲಿ ಕೊಂಬೆಯ ಮೊದಲನೆಯ ಸಕ್ಕರೆಯೂ ಅದಕ್ಕಂಟಿದ ಫ್ಯೂಕೋಸೂ ಉಳಿಯುತ್ತವೆ. ಬೇಕಿದ್ದರೆ ಫ್ಯೂಕೋಸನ್ನೂ ಮತ್ತೊಂದು ಕಿಣ್ವದಿಂದ ತೆಗೆಯಬಹುದು. ಕತ್ತರಿಸುವ ಕಿಣ್ವವನ್ನು ಕೂಡಿಸುವ ಕಿಣ್ವವನ್ನಾಗಿ ತಿರುಗಿಸಬಹುದೆಂಬ ತತ್ತ್ವವನ್ನು ಕೆನಡದ ಸ್ಟೀಫನ್ ವಿದರ್ಸ್ ೧೯೯೮ರಲ್ಲಿ ಬೇರೊಂದು ಕಿಣ್ವದಲ್ಲಿ ತೋರಿಸಿದ್ದರು. ೨೦೧೨ರಲ್ಲಿ ಲಾಯ್-ಷಿ ವಾಂಗ್ ಅವರ ಬಳಗವು ಎಂಡೊ-ಎಸ್ ಕಿಣ್ವದ ೨೩೩ನೆಯ ಆಮ್ಲವೊಂದನ್ನೇ ಬದಲಿಸಿತು. ಬದಲಾದ ಕಿಣ್ವಕ್ಕೆ ಕತ್ತರಿಸುವ ಶಕ್ತಿ ಹೋಯಿತು. ಆದರೆ ಆಕ್ಸಜೋಲೀನ್ ಎಂಬ ಚುರುಕಾದ ರೂಪಕ್ಕೆ ತಂದ ಕೊಂಬೆಯನ್ನು ಕೊಟ್ಟರೆ ಅದನ್ನು ಪ್ರತಿಕಾಯಕ್ಕೆ ಕೂಡಿಸುವ ಶಕ್ತಿ ಉಳಿಯಿತು. ಕೊಂಬೆಯನ್ನು ಆ ರೂಪಕ್ಕೆ ತರುವುದು ರಸಾಯನದ ಕೆಲಸ. ಕೊಂಬೆಯನ್ನಾದರೂ ಎಲ್ಲ ವೇಳೆ ಬುಡದಿಂದ ಕಟ್ಟಬೇಕಾಗಿಲ್ಲ. ಕೋಳಿಯ ಮೊಟ್ಟೆಯ ಹಳದಿಯಲ್ಲಿ ಮನುಷ್ಯನದನ್ನೇ ಹೋಲುವ ಹನ್ನೊಂದು ಸಕ್ಕರೆಗಳ ಕೊಂಬೆ ಸಿದ್ಧವಾಗಿಯೇ ದೊರೆಯುತ್ತದೆ. ಹೀಗೆ ಬೆರಕೆಯಾಗಿದ್ದ ಪ್ರತಿಕಾಯವನ್ನು ಬೋಳಿಸಿ, ಎಲ್ಲ ಅಣುಗಳಿಗೂ ಒಂದೇ ಕೊಂಬೆಯನ್ನು ತೊಡಿಸಲು ಸಾಧ್ಯವಾಯಿತು.

೮

ಈ ಶಾಸ್ತ್ರಕ್ಕೂ ನಮ್ಮ ಎರಡು ನಾಡುಗಳಿಗೂ ಸಂಬಂಧ ಹೊಸದಲ್ಲ. ಸಕ್ಕರೆಗಳನ್ನು ಗುರುತುಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನುಗಳು ಬೀಜಗಳಲ್ಲಿ ಹೇರಳವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮೊದಲಾದವರು ೧೯೯೪ರಲ್ಲಿ ಶೇಂಗಾದ ಲೆಕ್ಟಿನ್ನಿನ ರಚನೆಯನ್ನೂ ೧೯೯೬ರಲ್ಲಿ ಹಲಸಿನ ಬೀಜದ ಜಾಕಲಿನ್ನಿನ ರಚನೆಯನ್ನೂ ಬಿಡಿಸಿದರು. ಸೌರಾಷ್ಟ್ರದ ಹೊಲದ ಬೀಜವೂ ಮಲೆನಾಡಿನ ಹಿತ್ತಲಿನ ಬೀಜವೂ ಗುರುತಿಸುವುದು ಒಂದೇ ಸಕ್ಕರೆಯ ಜೋಡಿಯನ್ನು. ಅನೇಕ ಕ್ಯಾನ್ಸರ್ ಕೋಶಗಳ ಮೇಲೆ ಬಯಲಾಗುವ ಜೋಡಿ ಅದು. ಕಿಣ್ವಗಳ ಉದ್ಯಮದಲ್ಲಿಯೂ ಇಂಥ ಕೊಡುಕೊಳ್ಳುವಿಕೆಯಿದೆ. ಬೆಂಗಳೂರಿನಲ್ಲಿ ನೆಲಸಿದ ಗುಜರಾತಿ ಕುಟುಂಬದಲ್ಲಿ ೧೯೫೩ರಲ್ಲಿ ಹುಟ್ಟಿದ ಕಿರಣ್ ಮಜುಂದಾರ್ ೧೯೭೫ರಿಂದ ೧೯೭೭ರವರೆಗೆ ವಡೋದರದ ಒಂದು ಮಾಲ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿ, ೧೯೭೮ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಸ್ಥಾಪಿಸಿದರು. ಪರಂಗಿಯ ಕಾಯಿಯಿಂದ ತೆಗೆಯುವ ಪಪೇನ್ ಎಂಬ ಕಿಣ್ವದಿಂದ ಆರಂಭವಾದ ಆ ಸಂಸ್ಥೆಯ ಟ್ರಾಸ್ಟುಜುಮಾಬ್ ಪ್ರತಿಕಾಯಕ್ಕೆ ೨೦೧೭ರಲ್ಲಿ ಅಮೆರಿಕದ ಮನ್ನಣೆ ದೊರೆಯಿತು.

ಸಮರೂಪ ಔಷಧವೆಂದರೆ ಮೂಲದ ಬೆಲೆಯನ್ನು ತೆರಲಾರದ ರೋಗಿಗೆ ಕೊಟ್ಟ ಒಂದು ಮಾತು: ಇದೂ ಅದರಂತೆಯೇ ಕೆಲಸ ಮಾಡುತ್ತದೆ, ಅದಕ್ಕಿಂತ ಹೆಚ್ಚಿನ ಕೇಡು ಮಾಡುವುದಿಲ್ಲ ಎಂಬ ಮಾತು. ಪ್ರೋಟೀನಿನ ಸರಪಳಿಯನ್ನು ಅಕ್ಷರಕ್ಕೆ ಅಕ್ಷರವಾಗಿ ಹೋಲಿಸಬಹುದು. ಸಕ್ಕರೆಯ ಬೆರಕೆಯನ್ನು ಹಾಗೆ ಹೋಲಿಸಲಾಗದು. ಮೂಲ ಔಷಧದ ಬೆರಕೆಗೆ ಎಷ್ಟು ಹತ್ತಿರವಾಗಿದೆ, ವ್ಯತ್ಯಾಸವಿದ್ದರೆ ಅದು ಲೆಕ್ಕಕ್ಕೆ ಬರುವಂಥದೆ ಎಂಬುದನ್ನು ತೂಗಿ ನೋಡಬೇಕು. ಭಾರತ ಸರ್ಕಾರವು ೨೦೧೨ರಲ್ಲಿ ಹೊರಡಿಸಿ ೨೦೧೬ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇಂಥ ಹೋಲಿಕೆಯನ್ನು ವಿಧಿಸಿದೆ. ತೂಗುವುದಕ್ಕೆ ತೂಕದ ಕಲ್ಲುಗಳು ಬೇಕು. ಶುದ್ಧವಾಗಿ ಕಟ್ಟಿದ ಸಕ್ಕರೆಯ ಕೊಂಬೆಗಳೇ ಆ ಕಲ್ಲುಗಳು. ಅವುಗಳನ್ನು ಕಟ್ಟಬಲ್ಲ ರಸಾಯನಜ್ಞರೂ ಕಿಣ್ವತಜ್ಞರ‍ೂ ಒಂದೇ ಮೇಜಿನ ಎರಡು ಕಡೆ ಕುಳಿತು ದುಡಿಯಬೇಕಾದ ಕಾಲ ಇದು.

ಅಂಥ ದುಡಿಮೆಗೆ ಈ ನೆಲದಲ್ಲಿ ಪೂರ್ವಪುಣ್ಯವಿದೆ. ೧೮೬೩ರಲ್ಲಿ ಸೂರತ್ತಿನಲ್ಲಿ ಹುಟ್ಟಿದ ತ್ರಿಭುವನದಾಸ ಗಜ್ಜರರು ಬಡೋದೆಯಲ್ಲಿ ರಸಾಯನದ ಅಧ್ಯಾಪಕರಾಗಿ, ಮಹಾರಾಜ ಸಯಾಜಿರಾಯರ ಆಶ್ರಯದಲ್ಲಿ ೧೮೯೦ರಲ್ಲಿ ಕಲಾಭವನವನ್ನು ಕಟ್ಟಿದರು. ೧೯೦೭ರಲ್ಲಿ ಅಲೆಂಬಿಕ್ ಕಾರ್ಖಾನೆಯ ಸ್ಥಾಪನೆಯಲ್ಲಿಯೂ ಅವರ ಕೈಯಿತ್ತು. ಬಣ್ಣಗಾರನಿಗೆ ಬಣ್ಣದ ರಸಾಯನ ತಿಳಿಯಬೇಕು, ಅದೂ ಅವನ ಮಾತಿನಲ್ಲಿಯೇ ತಿಳಿಯಬೇಕು ಎಂಬ ನಂಬಿಕೆಯಿಂದ ಅವರು ಗುಜರಾತಿಯಲ್ಲಿ ವಿಜ್ಞಾನ ಶಿಕ್ಷಣಕ್ಕಾಗಿ ಶ್ರಮಿಸಿದರು. ಈ ಮೂರು ನಗರಗಳ ಪ್ರಯೋಗಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ದುಡಿಯುತ್ತಿರುವ ಕನ್ನಡಿಗರು ತಮ್ಮ ಕೈಯಲ್ಲಿ ಹಾದುಹೋಗುವ ಔಷಧದ ಈ ಅರ್ಧಭಾಗವನ್ನು ಕನ್ನಡದಲ್ಲಿಯೂ ಆಲೋಚಿಸುವಂತಾದರೆ, ಆ ನಂಬಿಕೆಗೆ ನಮ್ಮಿಂದಲೂ ಸಲ್ಲಬೇಕಾದುದು ಸಂದಂತಾಗುತ್ತದೆ.